ಪುರಸಭೆಯ ಪಾರ್ಕಿನಿಂದ ಎಂಟು ಕಿರೀಟಗಳವರೆಗೆ: ಓಕ್ಲಹೋಮ ಸಾಫ್ಟ್‌ಬಾಲ್ ತಂಡದ ಕಥೆ

ಒಂದು ತಂಡದ ಸೋಲು ಯಾವಾಗ ದೊಡ್ಡ ಸುದ್ದಿಯಾಗುತ್ತದೆ? ಆ ತಂಡ ಸೋಲುವುದನ್ನೇ ಮರೆತಿದ್ದಾಗ. 2024ರ ಮಾರ್ಚ್ 3ರಂದು ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದ ಮಹಿಳಾ ಸಾಫ್ಟ್‌ಬಾಲ್ ತಂಡ ತನ್ನದೇ ಹೊಸ ಕ್ರೀಡಾಂಗಣದಲ್ಲಿ ಲೂಯಿಸಿಯಾನ ತಂಡಕ್ಕೆ 7-5ರಿಂದ ಶರಣಾಯಿತು. ಅದಕ್ಕೆ ಮುನ್ನ ಈ ಹುಡುಗಿಯರು ಒಂದು ವರ್ಷಕ್ಕೂ ಹೆಚ್ಚು ಕಾಲ ಸತತವಾಗಿ 71 ಪಂದ್ಯಗಳನ್ನು ಗೆದ್ದಿದ್ದರು. ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಅಂಥ ಸಾಧನೆ ಹಿಂದೆ ಯಾರದೂ ಇರಲಿಲ್ಲ. ಸೋತ ಕ್ರೀಡಾಂಗಣದ ಬಾಗಿಲು ತೆರೆದು ಕೇವಲ ಎರಡು ದಿನವಾಗಿತ್ತು.

ಸುಮಾರು 4.8 ಕೋಟಿ ಡಾಲರ್ ವೆಚ್ಚದಲ್ಲಿ, 4,200 ಆಸನಗಳೊಂದಿಗೆ ಕಟ್ಟಿದ ಆ ಕ್ರೀಡಾಂಗಣದ ಹೆಸರು ಲವ್ಸ್ ಫೀಲ್ಡ್. ಮುಖ್ಯ ದೇಣಿಗೆ ಕೊಟ್ಟ ಪೆಟ್ರೋಲ್ ಬಂಕ್‌ಗಳ ಸಂಸ್ಥೆಯ ಹೆಸರನ್ನೇ ಅದಕ್ಕೆ ಇಡಲಾಗಿದೆ. ಮಹಿಳೆಯರ ಒಂದು ಕಾಲೇಜು ತಂಡಕ್ಕಾಗಿ ಇಷ್ಟು ಹಣ ಹರಿದದ್ದು ಇಂದು ಸಹಜವೆನಿಸಬಹುದು. ಆದರೆ ಇದೇ ತಂಡ ಮೂರು ದಶಕಗಳ ಹಿಂದೆ ತನ್ನ ಪಂದ್ಯಗಳನ್ನು ನಾರ್ಮನ್ ಪಟ್ಟಣದ ರೀವ್ಸ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದ ಮೈದಾನದಲ್ಲಿ ಆಡುತ್ತಿತ್ತು. ಸಂಜೆ ಊರಿನ ಹವ್ಯಾಸಿಗಳು ಆಡಿ ಬಿಟ್ಟುಹೋದ ಜಾಗವದು. ಆ ಪಾರ್ಕಿಗೂ ಈ ಕ್ರೀಡಾಂಗಣಕ್ಕೂ ನಡುವಿನ ದೂರ ಕೆಲವೇ ಕಿಲೋಮೀಟರ್. ಅದನ್ನು ಕ್ರಮಿಸಲು ಮೂವತ್ತು ವರ್ಷ ಹಿಡಿಯಿತು.

ಇದು ಎಂಥ ಆಟ?

ಕ್ರಿಕೆಟ್ಟಿನ ನಾಡಿನ ಓದುಗರಿಗೆ ಸಾಫ್ಟ್‌ಬಾಲ್ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯ. 1887ರಲ್ಲಿ ಷಿಕಾಗೊದ ಒಂದು ಕ್ಲಬ್ಬಿನೊಳಗೆ ಬಾಕ್ಸಿಂಗ್ ಕೈಗವಸನ್ನು ಸುತ್ತಿ ಚೆಂಡು ಮಾಡಿಕೊಂಡು, ಕೋಲನ್ನೇ ಬ್ಯಾಟಾಗಿಸಿಕೊಂಡು ಆಡಿದ ಮೋಜಿನ ಆಟದಿಂದ ಇದು ಹುಟ್ಟಿತು. ಬೇಸ್‌ಬಾಲ್‌ನ ತಂಗಿ ಎನ್ನಬಹುದು. ಆದರೆ ಮೈದಾನ ಚಿಕ್ಕದು, ಚೆಂಡು ದೊಡ್ಡದು, ಒಂಬತ್ತರ ಬದಲು ಏಳು ಇನಿಂಗ್ಸ್. ಹೆಸರಿನಲ್ಲಿ 'ಸಾಫ್ಟ್' ಇದ್ದರೂ ಚೆಂಡು ಮೃದುವೇನಲ್ಲ. ತಗುಲಿಸಿಕೊಂಡವರನ್ನು ಕೇಳಿದರೆ ಗೊತ್ತಾಗುತ್ತದೆ.

ಚೆಂಡೆಸೆಯುವ ಆಟಗಾರ್ತಿಯನ್ನು ಪಿಚರ್ ಎನ್ನುತ್ತಾರೆ. ಆಕೆ ತೋಳನ್ನು ಗಾಳಿಯಂತ್ರದಂತೆ ಒಂದು ಸುತ್ತು ತಿರುಗಿಸಿ ಸೊಂಟದ ಬಳಿಯಿಂದ, ಅಂದರೆ ಕೆಳಗೈಯಿಂದ, ಚೆಂಡನ್ನು ಬಿಡಬೇಕು. ಆಕೆಗೂ ಬ್ಯಾಟ್ ಹಿಡಿದವಳು ನಿಲ್ಲುವ ನೆಲೆಗೂ ನಡುವೆ ಇರುವುದು 43 ಅಡಿ ಮಾತ್ರ. ಕ್ರಿಕೆಟ್ ಪಿಚ್‌ನ ಉದ್ದ 66 ಅಡಿ ಎಂಬುದನ್ನು ನೆನೆದರೆ, ಗಂಟೆಗೆ 110 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಬರುವ ಚೆಂಡಿಗೆ ಬ್ಯಾಟ್ ಬೀಸಲು ಸಿಗುವ ಕಾಲಾವಕಾಶ ಎಷ್ಟು ಕಡಿಮೆ ಎಂಬುದು ಅರ್ಥವಾದೀತು. ಬೇಲಿಯಾಚೆ ಚೆಂಡು ಹೋದರೆ ಹೋಮ್ ರನ್: ಹೊಡೆದವಳೂ, ಆ ಹೊತ್ತಿಗೆ ನೆಲೆಗಳಲ್ಲಿ ನಿಂತ ಸಂಗಾತಿಯರೂ ಸುತ್ತಿ ಬಂದು ಓಟ ಗಳಿಸುತ್ತಾರೆ. ಒಂದು ತಂಡ ಐದು ಇನಿಂಗ್ಸ್‌ಗಳ ನಂತರ ಎಂಟು ಓಟಗಳಷ್ಟು ಮುಂದಿದ್ದರೆ ಅಲ್ಲಿಗೇ ಪಂದ್ಯ ಮುಗಿಯುತ್ತದೆ. ಸೋಲುವವರ ಮೇಲಿನ ಕರುಣೆಯಿಂದ ಮಾಡಿದ ಈ ನಿಯಮದ ಫಲಾನುಭವಿಗಳಲ್ಲಿ ಓಕ್ಲಹೋಮದ ಎದುರಾಳಿಗಳ ಸಂಖ್ಯೆ ದೊಡ್ಡದು.

ಕಾಲೇಜು ಋತು ಫೆಬ್ರವರಿಯಲ್ಲಿ ಶುರುವಾಗಿ ಜೂನ್ ಮೊದಲ ವಾರದಲ್ಲಿ ಮುಗಿಯುತ್ತದೆ. ಮೊದಲು ಊರೂರು ಸುತ್ತಿ ಆಡುವ ಪಂದ್ಯಗಳು, ಬಳಿಕ ತಮ್ಮ ಒಕ್ಕೂಟದೊಳಗಿನ ಪಂದ್ಯಗಳು, ಮೇ ತಿಂಗಳಲ್ಲಿ 64 ತಂಡಗಳ ರಾಷ್ಟ್ರೀಯ ಪಂದ್ಯಾವಳಿ. ಕೊನೆಗೆ ಉಳಿಯುವ ಎಂಟು ತಂಡಗಳು ಓಕ್ಲಹೋಮ ಸಿಟಿಯಲ್ಲಿ ಸೇರುತ್ತವೆ. ಇದನ್ನು ಮಹಿಳಾ ಕಾಲೇಜು ವಿಶ್ವ ಸರಣಿ ಎಂದು ಕರೆಯುತ್ತಾರೆ. ಆಡುವವರೆಲ್ಲ ಅಮೆರಿಕದ ಕಾಲೇಜುಗಳವರೇ ಆದರೂ 'ವಿಶ್ವ' ಎಂಬ ಹೆಸರು ಬಿಟ್ಟಿಲ್ಲ! ಇಲ್ಲಿ ಒಂದು ಸಲ ಸೋತರೆ ಮನೆಗೆ ಹೋಗಬೇಕಿಲ್ಲ, ಎರಡನೆಯ ಸಲ ಸೋತರೆ ಹೊರಡಬೇಕು. ಕೊನೆಯ ಎರಡು ತಂಡಗಳ ನಡುವೆ ಮೂರು ಪಂದ್ಯಗಳ ಅಂತಿಮ ಸರಣಿ.

ಕಾನೂನು ತೆರೆದ ಬಾಗಿಲು

ಈ ಕಥೆಯ ಬೇರು 1972ರ ಜೂನ್‌ನಲ್ಲಿದೆ. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಕೂಡದು ಎಂಬ ಕಾನೂನು ಅಮೆರಿಕದಲ್ಲಿ ಆ ತಿಂಗಳು ಜಾರಿಗೆ ಬಂತು. 'ಟೈಟಲ್ ನೈನ್' ಎಂದೇ ಪ್ರಸಿದ್ಧವಾದ ಈ ಕಾನೂನಿನ ಪಠ್ಯದಲ್ಲಿ ಕ್ರೀಡೆಯ ಪ್ರಸ್ತಾಪ ಇರಲಿಲ್ಲ. ಆದರೂ ಅದರ ಪರಿಣಾಮ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಆಟದ ಮೈದಾನದಲ್ಲಿ. ಪುರುಷರ ಫುಟ್‌ಬಾಲ್‌ಗೆ ಕೋಟಿಗಟ್ಟಲೆ ಸುರಿಯುತ್ತಿದ್ದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೂ ತಂಡಗಳನ್ನು ಕಟ್ಟಲೇಬೇಕಾಯಿತು. ಓಕ್ಲಹೋಮ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡ 1970ರ ದಶಕದ ನಡುವಿನಲ್ಲಿ ಹುಟ್ಟಿದ್ದು ಈ ಅಲೆಯಲ್ಲೇ. ಮರೀಟಾ ಹೈನ್ಸ್ ಎಂಬ ತರಬೇತುದಾರರು ಆ ದಶಕದ ಕೊನೆಯಲ್ಲಿ ಮತ್ತು 80ರ ದಶಕದ ಆರಂಭದಲ್ಲಿ ಅದನ್ನು ಸಾಕಿ ಬೆಳೆಸಿದರು.

ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಕುರ್ಚಿ ಹಾಕಿದಂತಾಗಲಿಲ್ಲ. 1990ರಲ್ಲಿ ಇದೇ ವಿಶ್ವವಿದ್ಯಾಲಯ ತನ್ನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡವನ್ನು ರದ್ದುಪಡಿಸುವುದಾಗಿ ಘೋಷಿಸಿತು. ದೇಶದಾದ್ಯಂತ ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಫುಟ್‌ಬಾಲ್ ದೇವರಾಗಿದ್ದ ಊರಿನಲ್ಲಿ ಹೆಣ್ಣುಮಕ್ಕಳ ಆಟದ ಸ್ಥಾನ ಎಷ್ಟು ಅಭದ್ರವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಯಾಲಿಫೋರ್ನಿಯದಿಂದ ಬಂದವರು

1995ರ ಋತುವಿಗೆ ತರಬೇತುದಾರರಾಗಿ ಬಂದವರು ಪ್ಯಾಟಿ ಗ್ಯಾಸೊ. ದಕ್ಷಿಣ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಸಿಟಿ ಕಾಲೇಜಿನಲ್ಲಿ ತರಬೇತಿ ನೀಡುತ್ತಿದ್ದ ಅವರಿಗೆ ಸಮುದ್ರತೀರದ ಹವೆ ಬಿಟ್ಟು, ಚಳಿಗಾಳಿ ಮತ್ತು ಸುಂಟರಗಾಳಿಗಳ ಬಯಲುಸೀಮೆಗೆ ಬಂದಾಗ ಸಿಕ್ಕಿದ್ದು ಮೇಲೆ ಹೇಳಿದ ಪಾರ್ಕು. ತಂಡಕ್ಕೆ ಸ್ವಂತ ಮೈದಾನ ದೊರೆತದ್ದು 1998ರಲ್ಲಿ. ಅದಕ್ಕೆ ಮರೀಟಾ ಹೈನ್ಸ್ ಅವರ ಹೆಸರಿಟ್ಟರು.

ಆ ಕಾಲದ ಸಾಫ್ಟ್‌ಬಾಲ್ ಭೂಪಟವನ್ನು ಒಮ್ಮೆ ನೋಡಬೇಕು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 1982ರಲ್ಲಿ ಮಹಿಳಾ ಸಾಫ್ಟ್‌ಬಾಲ್ ಪ್ರಶಸ್ತಿಯನ್ನು ಆರಂಭಿಸಿತು. 1988ರಿಂದ 1999ರವರೆಗಿನ ಹನ್ನೆರಡು ಅಂತಿಮ ಪಂದ್ಯಗಳನ್ನು ಗೆದ್ದವರು ಮೂವರೇ: ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಅರಿಜೋನ ಮತ್ತು ಒಂದು ಸಲ ಫ್ರೆಸ್ನೊ ಸ್ಟೇಟ್. ಇವರಲ್ಲಿ ಯುಸಿಎಲ್‌ಎಯ 1995ರ ಪ್ರಶಸ್ತಿಯನ್ನು ನಿಯಮ ಉಲ್ಲಂಘನೆಗಾಗಿ ಆಮೇಲೆ ರದ್ದುಪಡಿಸಲಾಯಿತು. ಮೂರೂ ಬಿಸಿಲಿನ ಪಶ್ಚಿಮದ ತಂಡಗಳು. ಕಾರಣ ಗುಟ್ಟೇನಲ್ಲ. ಫೆಬ್ರವರಿಯಲ್ಲಿ ಶುರುವಾಗುವ ಆಟವನ್ನು ವರ್ಷವಿಡೀ ಹೊರಗೆ ಅಭ್ಯಾಸ ಮಾಡಬಲ್ಲ ಊರುಗಳವು. ಹುಡುಗಿಯರು ಹತ್ತನೆಯ ವಯಸ್ಸಿನಿಂದಲೇ ಕ್ಲಬ್‌ಗಳಲ್ಲಿ ಪಳಗುತ್ತಿದ್ದ ಪ್ರದೇಶವೂ ಅದೇ.

2000ದಲ್ಲಿ ಓಕ್ಲಹೋಮ ಆ ಬೇಲಿಯನ್ನು ಮುರಿಯಿತು. ಎನ್‌ಸಿಎಎ ವಿಶ್ವ ಸರಣಿಗೆ ಮೊದಲ ಸಲ ಅರ್ಹತೆ ಪಡೆದು, ಪಿಚರ್ ಜೆನಿಫರ್ ಸ್ಟೂವರ್ಟ್ ಅವರ ಬಲದಿಂದ ಅಂತಿಮ ಪಂದ್ಯದಲ್ಲಿ ಯುಸಿಎಲ್‌ಎಯನ್ನೇ 3-1ರಿಂದ ಮಣಿಸಿತು. ಆ ಋತುವಿನ ಲೆಕ್ಕ: 66 ಗೆಲುವು, 8 ಸೋಲು. ತಾನು ಬಿಟ್ಟುಬಂದ ರಾಜ್ಯದ ದೈತ್ಯ ತಂಡವನ್ನು ಗ್ಯಾಸೊ ಆರನೆಯ ಋತುವಿನಲ್ಲಿ ಸೋಲಿಸಿದ್ದರು.

ಹದಿಮೂರು ವರ್ಷಗಳ ಕಾಯುವಿಕೆ

ಇಲ್ಲಿಂದ ಗೆಲುವಿನ ಸರಮಾಲೆ ಶುರುವಾಯಿತು ಎಂದುಕೊಂಡರೆ ತಪ್ಪು. ಈ ತಂಡದ ಚರಿತ್ರೆಯಲ್ಲಿ ಹೆಚ್ಚು ಗಮನಿಸಬೇಕಾದ ಭಾಗ ಪ್ರಾಯಶಃ ಏನೂ ಗೆಲ್ಲದ ವರ್ಷಗಳೇ. ಎರಡನೆಯ ಪ್ರಶಸ್ತಿಗಾಗಿ ಹದಿಮೂರು ವರ್ಷ ಕಾಯಬೇಕಾಯಿತು. 2005ರಿಂದ 2010ರವರೆಗೆ, ಆರು ಋತುಗಳಲ್ಲಿ, ವಿಶ್ವ ಸರಣಿಯ ಎಂಟು ತಂಡಗಳಲ್ಲೂ ಓಕ್ಲಹೋಮ ಇರಲಿಲ್ಲ. ಸರಣಿ ನಡೆಯುವುದು ಮನೆಯಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ. ಅಲ್ಲಿಗೆ ಹೋಗಿ ಆಡಲಾಗದೆ ಪ್ರೇಕ್ಷಕರಂತೆ ಉಳಿಯುವ ಸಂಕಟ ಸಣ್ಣದಲ್ಲ. ಪುರುಷರ ಫುಟ್‌ಬಾಲ್‌ನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಇಬ್ಬರು ಮೂವರು ತರಬೇತುದಾರರು ಬದಲಾಗಿರುತ್ತಿದ್ದರು. ಇಲ್ಲಿ ಗ್ಯಾಸೊ ಉಳಿದರು, ವಿಶ್ವವಿದ್ಯಾಲಯವೂ ಅವರನ್ನು ಉಳಿಸಿಕೊಂಡಿತು. ಮುಂದಿನದ್ದಕ್ಕೆಲ್ಲ ಈ ತಾಳ್ಮೆಯೇ ಬಂಡವಾಳವಾಯಿತು ಎಂದರೆ ಉತ್ಪ್ರೇಕ್ಷೆಯಾಗದು.

ಆಟಗಾರ್ತಿಯರನ್ನು ಹುಡುಕುವ ಬಲೆ ಈ ಅವಧಿಯಲ್ಲಿ ದೂರದೂರಕ್ಕೆ ಹರಡಿತು. ಕ್ಯಾಲಿಫೋರ್ನಿಯದ ಪರಿಚಯಗಳನ್ನು ಗ್ಯಾಸೊ ಬಿಟ್ಟುಕೊಟ್ಟಿರಲಿಲ್ಲ. ಪಶ್ಚಿಮದವರನ್ನು ಸೋಲಿಸಲು ಪಶ್ಚಿಮದ ಹುಡುಗಿಯರನ್ನೇ ಕರೆತರುವುದು ಅವರ ಉಪಾಯ. ಸ್ಯಾನ್ ಹೋಸೆಯ ಎಡಗೈ ಪಿಚರ್ ಕೈಲಾನಿ ರಿಕೆಟ್ಸ್, ದಕ್ಷಿಣ ಕ್ಯಾಲಿಫೋರ್ನಿಯದ ಲಾರೆನ್ ಚೇಂಬರ್ಲಿನ್ ಹೀಗೆ ಬಂದವರು.

2012ರಲ್ಲಿ ಕಿರೀಟ ಕೈಗೆ ಬಂದು ಜಾರಿತು. ಅಲಬಾಮ ವಿರುದ್ಧದ ಅಂತಿಮ ಸರಣಿಯ ಮೂರನೆಯ ಪಂದ್ಯ, ಸುರಿಯುವ ಮಳೆ, ಒದ್ದೆಯಾದ ಚೆಂಡು. ದೇಶದ ಶ್ರೇಷ್ಠ ಆಟಗಾರ್ತಿಯೆಂಬ ಗೌರವ ಪಡೆದಿದ್ದ ರಿಕೆಟ್ಸ್ 5-4ರ ಸೋಲು ಅನುಭವಿಸಬೇಕಾಯಿತು. ಮರುವರ್ಷ ಟೆನೆಸಿ ವಿರುದ್ಧದ ಮೊದಲ ಪಂದ್ಯ ಹನ್ನೆರಡು ಇನಿಂಗ್ಸ್‌ಗಳವರೆಗೆ ಎಳೆಯಿತು. ಚೇಂಬರ್ಲಿನ್ ಹೋಮ್ ರನ್ ಬಾರಿಸಿ ಮುಗಿಸಿದರು. ದಣಿದ ರಿಕೆಟ್ಸ್‌ಗೆ ಮರುದಿನ ಗ್ಯಾಸೊ ಚೆಂಡು ಕೊಡಲಿಲ್ಲ. ಇನ್ನೊಬ್ಬ ಪಿಚರ್ ಮಿಶೆಲ್ ಗ್ಯಾಸ್ಕೊಯ್ನ್ ಎದುರಾಳಿಗೆ ಒಂದೂ ಓಟ ಬಿಟ್ಟುಕೊಡಲಿಲ್ಲ. ಬ್ಯಾಟಿಗೆ ಸೀಮಿತವಾದ ರಿಕೆಟ್ಸ್ ಮೂರು ಓಟಗಳ ಹೋಮ್ ರನ್ ಹೊಡೆದರು. 57 ಗೆಲುವು, 4 ಸೋಲಿನ ಆ ಋತುವಿನ ಕೊನೆಯಲ್ಲಿ ಎರಡನೆಯ ಪ್ರಶಸ್ತಿ ಬಂತು. ಒಬ್ಬಳೇ ಪಿಚರ್‌ನ ಭುಜದ ಮೇಲೆ ತಂಡವನ್ನು ಹೊರಿಸುವ ಹಳೆಯ ಪದ್ಧತಿಗೆ ಬದಲಾಗಿ ಇಬ್ಬರು ಮೂವರನ್ನು ಸಿದ್ಧವಾಗಿಟ್ಟುಕೊಳ್ಳುವ ಜಾಣತನಕ್ಕೆ ಆ ರಾತ್ರಿ ಒಳ್ಳೆಯ ಉದಾಹರಣೆ.

2016ರಲ್ಲಿ ಆಬರ್ನ್ ವಿರುದ್ಧ ಮೂರನೆಯದು. 2017ರ ಕಥೆ ವಿಚಿತ್ರ. ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ನಾರ್ತ್ ಡಕೋಟ ಸ್ಟೇಟ್ ಎಂಬ ಅಷ್ಟೇನೂ ಹೆಸರಿಲ್ಲದ ತಂಡಕ್ಕೆ ಸೋತವರು, ಅಲ್ಲಿಂದ ತಡವರಿಸಿ ಮೇಲೆದ್ದು ಫೈನಲ್ ತಲುಪಿದರು. ಫ್ಲಾರಿಡ ವಿರುದ್ಧದ ಮೊದಲ ಪಂದ್ಯ ಏಳರ ಬದಲು ಹದಿನೇಳು ಇನಿಂಗ್ಸ್ ನಡೆಯಿತು. ಐದು ಗಂಟೆಗೂ ಹೆಚ್ಚಿನ ಹೋರಾಟದ ಬಳಿಕ, ಮಧ್ಯರಾತ್ರಿ ದಾಟಿದ ಮೇಲೆ, 7-5ರಿಂದ ಗೆದ್ದರು. ಮರುದಿನ ನಾಲ್ಕನೆಯ ಪ್ರಶಸ್ತಿ.

ಹವಾಯಿಯ ಹುಡುಗಿ

2020ರ ಋತುವನ್ನು ಕೊರೊನಾ ನುಂಗಿತು. ಮಾರ್ಚ್‌ನಲ್ಲಿ ಎಲ್ಲವೂ ರದ್ದಾಯಿತು. ಆ ವರ್ಷದ ಆಟಗಾರ್ತಿಯರಿಗೆ ಪರಿಹಾರವಾಗಿ ಇನ್ನೊಂದು ವರ್ಷ ಆಡುವ ಅವಕಾಶ ಕೊಡಲಾಯಿತು. ಅದನ್ನು ಬಳಸಿಕೊಂಡವರಲ್ಲಿ ಹವಾಯಿಯ ಹಾವುಲ ಎಂಬ ಊರಿನ ಜಾಸ್ಲಿನ್ ಆಲೊ ಒಬ್ಬರು.

2021ರಲ್ಲಿ ಓಕ್ಲಹೋಮ 161 ಹೋಮ್ ರನ್ ಬಾರಿಸಿತು. ಅಲ್ಲಿಯವರೆಗೆ ಒಂದು ಋತುವಿನಲ್ಲಿ ಯಾವ ಕಾಲೇಜು ತಂಡವೂ ಅಷ್ಟು ಹೊಡೆದಿರಲಿಲ್ಲ. ಅದರಲ್ಲಿ 34 ಆಲೊ ಅವರದು. ಇಷ್ಟಾದರೂ ವಿಶ್ವ ಸರಣಿಯ ಮೊದಲ ದಿನವೇ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಒಡಿಸಿ ಅಲೆಕ್ಸಾಂಡರ್ ಎಂಬ ಪಿಚರ್ ಎದುರು ತಂಡ 4-3ರಿಂದ ಸೋತಿತು. ಇನ್ನೊಂದು ಸೋಲು ಕಥೆ ಮುಗಿಸುತ್ತಿತ್ತು. ಸೋತವರ ದಾರಿಯಲ್ಲಿ ಒಂದೊಂದೇ ಪಂದ್ಯ ಗೆಲ್ಲುತ್ತಾ ಬಂದು, ಅದೇ ಜೇಮ್ಸ್ ಮ್ಯಾಡಿಸನ್ ತಂಡವನ್ನು ಎರಡು ಸಲ ಸೋಲಿಸಿ, ಅಂತಿಮ ಸರಣಿಯಲ್ಲಿ ಫ್ಲಾರಿಡ ಸ್ಟೇಟ್‌ಗೆ ಮೊದಲ ಪಂದ್ಯ ಬಿಟ್ಟುಕೊಟ್ಟು ಉಳಿದೆರಡನ್ನು ಗೆದ್ದರು.

2022ರ ಫೆಬ್ರವರಿಯಲ್ಲಿ ಆಲೊ ತಮ್ಮ 95ನೆಯ ಹೋಮ್ ರನ್ ಹೊಡೆದು ಚೇಂಬರ್ಲಿನ್ ಅವರ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದರು. ಆಮೇಲೆ ಎದುರಾಳಿಗಳು ಆಕೆಗೆ ಹೊಡೆಯಲು ಸಿಗುವ ಚೆಂಡನ್ನೇ ಎಸೆಯದಾದರು. ದಾಖಲೆ ತಮ್ಮ ವಿರುದ್ಧ ಬೀಳದಿರಲಿ ಎಂಬ ಲೆಕ್ಕಾಚಾರ. ಮೂರು ವಾರ ಹೀಗೇ ಕಳೆಯಿತು. ಕೊನೆಗೆ ಮಾರ್ಚ್ 11ರಂದು 96ನೆಯದು ಬೇಲಿ ದಾಟಿದ್ದು ಹೊನೊಲುಲುವಿನಲ್ಲಿ, ಆಕೆಯ ತವರು ದ್ವೀಪದಲ್ಲಿ, ಬಂಧುಬಳಗದ ಕಣ್ಣೆದುರು. ಋತು ಮುಗಿದಾಗ ಆಲೊ ಅವರ ಒಟ್ಟು ಲೆಕ್ಕ 122ಕ್ಕೆ ತಲುಪಿತ್ತು. ತಂಡ 59-3ರೊಂದಿಗೆ ಆರನೆಯ ಪ್ರಶಸ್ತಿ ಪಡೆಯಿತು.

2023ರ ಫೆಬ್ರವರಿ 19ರಂದು ಬೇಲರ್ ವಿರುದ್ಧ 4-3ರ ಸೋಲು. ಆ ಋತುವಿನಲ್ಲಿ ಅದೊಂದೇ. 61 ಗೆಲುವು, 1 ಸೋಲು! ಇದರ ನಡುವೆಯೂ ಎದೆ ನಡುಗಿದ ದಿನವಿತ್ತು. ಮೇ ತಿಂಗಳಲ್ಲಿ ಕ್ಲೆಮ್ಸನ್ ಎದುರು ಏಳನೆಯ ಇನಿಂಗ್ಸ್‌ನಲ್ಲಿ ಮೂರು ಓಟ ಹಿಂದೆ, ಇಬ್ಬರು ಔಟಾಗಿದ್ದಾರೆ. ಕಿಂಜಿ ಹ್ಯಾನ್ಸನ್ ಮೂರು ಓಟಗಳ ಹೋಮ್ ರನ್ ಹೊಡೆದು 7-7 ಮಾಡಿದರು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಟಿಯಾರೆ ಜೆನಿಂಗ್ಸ್ ಪಂದ್ಯ ಮುಗಿಸಿದರು. ಅದು ಸತತ 48ನೆಯ ಗೆಲುವು. 1996-97ರಲ್ಲಿ ಅರಿಜೋನ ಬರೆದಿದ್ದ 47ರ ದಾಖಲೆ ಅಂದು ಮುರಿಯಿತು.

2024ರಲ್ಲಿ ಟೆಕ್ಸಸ್ಸನ್ನು ಸೋಲಿಸಿ ಸತತ ನಾಲ್ಕನೆಯ, ಒಟ್ಟು ಎಂಟನೆಯ ಪ್ರಶಸ್ತಿ. ಅದಕ್ಕೆ ಮುನ್ನ ಯುಸಿಎಲ್‌ಎ 1988ರಿಂದ 1990ರವರೆಗೆ ಸತತ ಮೂರು ಗೆದ್ದದ್ದೇ ಹೆಚ್ಚು. ಜೆನಿಂಗ್ಸ್, ಜೇಡಾ ಕೋಲ್ಮನ್ ಮೊದಲಾದವರು ಕಾಲೇಜಿಗೆ ಸೇರಿದಂದಿನಿಂದ ಹೊರಬರುವವರೆಗೆ ಪ್ರತಿ ವರ್ಷವೂ ಚಾಂಪಿಯನ್ನರು.

ಸ್ನಾನದ ಕೋಣೆ ಇಲ್ಲದ ವಿಶ್ವ ಸರಣಿ

ಗೆಲುವಿನ ಅಂಕಿಅಂಶಗಳ ಹಿಂದೆ ಇನ್ನೊಂದು ಜಗಳ ನಡೆದಿತ್ತು. 2021ರ ವಿಶ್ವ ಸರಣಿಯಲ್ಲಿ ಮಳೆಯಿಂದ ತಡವಾದ ಪಂದ್ಯಗಳು ನಸುಕಿನವರೆಗೂ ನಡೆದವು. ಕೆಲವೇ ಗಂಟೆಗಳ ವಿಶ್ರಾಂತಿಯ ಬಳಿಕ ಆಟಗಾರ್ತಿಯರು ಮತ್ತೆ ಮೈದಾನಕ್ಕಿಳಿಯಬೇಕಾಯಿತು. ಪುರುಷರ ಬೇಸ್‌ಬಾಲ್ ವಿಶ್ವ ಸರಣಿಯ ವೇಳಾಪಟ್ಟಿಯಲ್ಲಿ ವಿಶ್ರಾಂತಿಯ ದಿನಗಳಿದ್ದವು, ಇಲ್ಲಿ ಇರಲಿಲ್ಲ. ಸಾವಿರಾರು ಪ್ರೇಕ್ಷಕರು ಸೇರುವ ಕ್ರೀಡಾಂಗಣದಲ್ಲಿ ಆಟಗಾರ್ತಿಯರಿಗೆ ಸ್ನಾನದ ವ್ಯವಸ್ಥೆಯೂ ಇಲ್ಲವೆಂಬುದು ಚರ್ಚೆಗೆ ಬಂತು. ಗ್ಯಾಸೊ ಬಹಿರಂಗವಾಗಿಯೇ ದನಿಯೆತ್ತಿದರು. ಅದೇ ವರ್ಷ ಎನ್‌ಸಿಎಎ ನೇಮಿಸಿದ್ದ ಕಾನೂನು ಸಂಸ್ಥೆಯೂ ಗಂಡು-ಹೆಣ್ಣು ಪಂದ್ಯಾವಳಿಗಳ ನಡುವಿನ ತಾರತಮ್ಯವನ್ನು ವರದಿಯಲ್ಲಿ ದಾಖಲಿಸಿತು. 2022ರಿಂದ ಸರಣಿಯ ಅವಧಿಯನ್ನು ಹಿಗ್ಗಿಸಲಾಯಿತು. ಗೆಲ್ಲುವ ತರಬೇತುದಾರರ ಮಾತಿಗೆ ಇರುವ ತೂಕ ಸೋಲುವವರ ದೂರಿಗೆ ಇರುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಹತ್ತು ಲಕ್ಷ ಡಾಲರ್ ಎಸೆತ

ಇದೇ ಹೊತ್ತಿಗೆ ಕಾಲೇಜು ಕ್ರೀಡೆಯ ಆರ್ಥಿಕ ನಿಯಮಗಳೇ ತಲೆಕೆಳಗಾದವು. ಹಿಂದೆ ವಿದ್ಯಾರ್ಥಿ ಆಟಗಾರರು ವಿದ್ಯಾರ್ಥಿವೇತನದ ಹೊರತು ಆಟದಿಂದ ಹಣ ಗಳಿಸುವಂತಿರಲಿಲ್ಲ. 2021ರ ಜುಲೈನಿಂದ ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಲು ಕೊಟ್ಟು ಸಂಪಾದಿಸಲು ಅವಕಾಶವಾಯಿತು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದೂ ಸುಲಭವಾಯಿತು. ಇದರ ಲಾಭವನ್ನು ಓಕ್ಲಹೋಮವೂ ಪಡೆದಿದೆ. 2024ರ ವಿಶ್ವ ಸರಣಿಯ ಶ್ರೇಷ್ಠ ಆಟಗಾರ್ತಿ ಕೆಲ್ಲಿ ಮ್ಯಾಕ್ಸ್‌ವೆಲ್ ಅದಕ್ಕೆ ಹಿಂದಿನ ವರ್ಷ ನೆರೆಯ ಎದುರಾಳಿ ಓಕ್ಲಹೋಮ ಸ್ಟೇಟ್‌ನ ಪಿಚರ್ ಆಗಿದ್ದವರು. ನಷ್ಟವೂ ಆಗಿದೆ. 2023ರ ಶ್ರೇಷ್ಠ ಆಟಗಾರ್ತಿ ಜಾರ್ಡಿ ಬಾಲ್ ಪ್ರಶಸ್ತಿ ಗೆದ್ದ ಬೆನ್ನಿಗೇ ತವರು ರಾಜ್ಯದ ನೆಬ್ರಾಸ್ಕಕ್ಕೆ ಮರಳಿದರು.

ದೊಡ್ಡ ಪೆಟ್ಟು ಬಿದ್ದದ್ದು 2025ರಲ್ಲಿ. ಸ್ಟ್ಯಾನ್‌ಫರ್ಡ್‌ನ ಪಿಚರ್ ನೈಜರಿ ಕೆನಡಿ 2024ರಲ್ಲಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚಿನ ಒಪ್ಪಂದದೊಂದಿಗೆ ಟೆಕ್ಸಸ್ ಟೆಕ್ ಸೇರಿದರು. ಸಾಫ್ಟ್‌ಬಾಲ್ ಆಟಗಾರ್ತಿಗೆ ಇಷ್ಟು ಹಣ ಎಂಬುದು ಅಲ್ಲಿಯವರೆಗೆ ಕೇಳರಿಯದ ಮಾತು. ಆ ಹೊತ್ತಿಗೆ ಓಕ್ಲಹೋಮ ಹೆಚ್ಚು ಬಲಿಷ್ಠವಾದ ಸೌತ್‌ಈಸ್ಟರ್ನ್ ಒಕ್ಕೂಟಕ್ಕೆ ಸೇರಿತ್ತು. ನಾಲ್ಕು ಸಲ ಗೆದ್ದ ಹಿರಿಯರು ಪದವಿ ಮುಗಿಸಿ ಹೋಗಿದ್ದರು. ಬಹುತೇಕ ಹೊಸಬರ ತಂಡವೇ ಆ ಒಕ್ಕೂಟದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದು ವಿಶ್ವ ಸರಣಿಗೂ ಬಂತು. ಜೂನ್ 2ರ ರಾತ್ರಿ ಸೆಮಿಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಎದುರು ಏಳನೆಯ ಇನಿಂಗ್ಸ್‌ನಲ್ಲಿ ಎರಡು ಓಟಗಳ ಹೋಮ್ ರನ್‌ನಿಂದ ಸಮ ಮಾಡಿಕೊಂಡರೂ, ಎದುರಾಳಿಗಳು ತಮ್ಮ ಸರದಿಯಲ್ಲಿ ಒಂದು ಓಟ ಕದ್ದು 3-2ರಿಂದ ಗೆದ್ದರು. ಸತತ ಐದನೆಯ ಕಿರೀಟ ತಪ್ಪಿತು. ಫೈನಲ್‌ನಲ್ಲಿ ಕೆನಡಿಯ ತಂಡವನ್ನು ಸೋಲಿಸಿದ್ದು ಟೆಕ್ಸಸ್ ವಿಶ್ವವಿದ್ಯಾಲಯ. ಆ ಅಂತಿಮ ಸರಣಿಯ ನಿರ್ಣಾಯಕ ಪಂದ್ಯವನ್ನು ಟಿವಿಯಲ್ಲಿ ನೋಡಿದವರು 20 ಲಕ್ಷಕ್ಕೂ ಹೆಚ್ಚು.

ಅಲ್ಲಿಗೆ ಎನ್‌ಸಿಎಎ ಪ್ರಶಸ್ತಿಗಳ ಲೆಕ್ಕ ಹೀಗಿತ್ತು: ಯುಸಿಎಲ್‌ಎ 12, ಅರಿಜೋನ ಮತ್ತು ಓಕ್ಲಹೋಮ ತಲಾ 8. ಓಕ್ಲಹೋಮದ ಎಂಟೂ ಒಬ್ಬರೇ ತರಬೇತುದಾರರ ಕೈಕೆಳಗೆ ಬಂದವು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳಲಿದೆ. ಆದರೆ ಆ ಪಂದ್ಯಗಳು ಲಾಸ್ ಏಂಜಲೀಸ್‌ನಲ್ಲಿ ನಡೆಯುವುದಿಲ್ಲ. ಹೊಸ ಕ್ರೀಡಾಂಗಣ ಕಟ್ಟುವ ಖರ್ಚು ಉಳಿಸಲು ಸಂಘಟಕರು ಅವನ್ನು ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಓಕ್ಲಹೋಮ ಸಿಟಿಗೆ, ವಿಶ್ವ ಸರಣಿ ನಡೆಯುವ ಡೆವನ್ ಪಾರ್ಕ್‌ಗೆ ವಹಿಸಿದ್ದಾರೆ. ಸುಮಾರು 13,000 ಮಂದಿ ಕೂರಬಲ್ಲ ಸಾಫ್ಟ್‌ಬಾಲ್ ಕ್ರೀಡಾಂಗಣ ಕ್ಯಾಲಿಫೋರ್ನಿಯದಲ್ಲಿ ಇಲ್ಲ.